ದೋಣಿಯವನ ಮಾತು

ಹಾಡು ಮುಗಿದು ಸುತ್ತಲಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರೂ ವಿದ್ಯಾಧೀಶ ಮಾತ್ರ ಎರಡೂ ಕೈಗಳನ್ನು ಮೊಣಕಾಲುಗಳ ಸಂದಿಗೆ ಸಿಕ್ಕಿಸಿಕೊಂಡು ಕಾಶಿಯ ಅಸ್ಸಿ ಘಾಟಿನ ಮೆಟ್ಟಿಲ ಮೇಲೆ ಕೂತೇ ಇದ್ದ. ಫಾಲ್ಗುಣದ ಬೆಳಗು. ಆಚೆ ದಡದ ಮರಳಿನ ಮೇಲೆ ಸೂರ್ಯ ಇನ್ನೂ ಪೂರ್ತಿ ಎದ್ದಿರಲಿಲ್ಲ, ಹೊಳೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಅಲ್ಲಲ್ಲಿ ಕಟ್ಟಿಕೊಂಡಿತ್ತು. ಅಂಥ ಚಳಿಯಲ್ಲೂ ಅವನ ಕಿವಿಗಳು ಬಿಸಿಯಾಗಿದ್ದವು. ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಸ್ವರ ತಪ್ಪಿ ಗುರುಗಳ ಕಣ್ಣಿಗೆ ಸಿಕ್ಕಿಬಿದ್ದಾಗ ಹೀಗೆಯೇ ಬಿಸಿಯಾಗುತ್ತಿದ್ದವು. ಆದರೆ ಇವತ್ತು ಅವನು ಬಾಯಿಯನ್ನೇ ತೆರೆದಿರಲಿಲ್ಲ. ಬಾಯಿ ತೆರೆದಿದ್ದು ವೇದಿಕೆಯ ಮೇಲೆ ಗಿಟಾರು ಹಿಡಿದು ತಲೆ ಬಾಗಿಸುತ್ತಿದ್ದ ಆ ಹುಡುಗಿ, ವರ್ಷಿಣಿ. ಅವಳ ಬಾಯಲ್ಲಿ ಬಂದದ್ದು ತನ್ನ ಮಾತು. ಎಡಗಡೆಗೆ ಕಾತ್ಯಾಯನಿ ಕೂತಿದ್ದಳು. ಅವಳೂ ಚಪ್ಪಾಳೆ ತಟ್ಟುತ್ತಿದ್ದಾಳೋ ಇಲ್ಲವೋ ನೋಡಬೇಕೆನ್ನಿಸಿತು, ಆದರೆ ಕತ್ತು ಆ ಕಡೆ ತಿರುಗಲಿಲ್ಲ. ಮುಂದಿನ ಮೆಟ್ಟಿಲಲ್ಲಿ ಮಗಳು ಶ್ರೀರಮಾ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು. ಇದನ್ನು ಯಾವಾಗ ಕಲಿತಳು ಎಂಬ ಪ್ರಶ್ನೆ, ಬೇರೆ ದಿನವಾಗಿದ್ದರೆ ಇಡೀ ಬೆಳಗನ್ನು ಕೆಡಿಸಬಹುದಾಗಿದ್ದ ಪ್ರಶ್ನೆ, ಮೂಡಿದಷ್ಟೇ ಬೇಗ ಅಳಿಸಿಹೋಯಿತು.

ಅವನೂ ಅವಳ ಅಭಿಮಾನಿಯೇ. ಹಾಗೆಂದು ಯಾರಿಗೂ ಹೇಳಿರಲಿಲ್ಲ, ಅಷ್ಟೆ. ಹನುಮಾನ್ ಘಾಟಿನ ಮನೆಯಲ್ಲಿ ಬೆಳಗಿನ ಹೊತ್ತು ಅವನು ಗಂಧ ತೇಯುತ್ತಿದ್ದರೆ ಮಹಡಿಯ ಮೇಲಿಂದ ಶ್ರೀರಮಾಳ ಫೋನಿನಲ್ಲಿ ಈ ಹುಡುಗಿಯ ದನಿ ಇಳಿದುಬರುತ್ತಿತ್ತು. ಹಾಡೆಲ್ಲ ಹಿಂದಿ, ನಡುವೆ ಎಲ್ಲೋ ಒಂದು ಸಾಲು ಕನ್ನಡ. ಆ ಸಾಲು ಬರುವವರೆಗೂ ಕೈ ನಿಧಾನವಾಗುತ್ತಿತ್ತು, ಬಂದುಹೋದ ಮೇಲೆ ಮತ್ತೆ ತೇಯುತ್ತಿತ್ತು. ಕಾಶಿಯಲ್ಲೇ ಹುಟ್ಟಿ ಬೆಳೆದು, ಕರ್ನಾಟಕದಿಂದ ಬಂದವರ ಅಸ್ಥಿ ಬಿಡಿಸುವ ಪುರೋಹಿತನಾದ ಅವನಿಗೆ ಕನ್ನಡವೆಂದರೆ ಮನೆಯ ಮಾತು, ಯಾತ್ರಿಕರ ಮಾತು, ಸತ್ತವರ ಹೆಸರು ಗೋತ್ರಗಳ ಮಾತು. ಅದರಲ್ಲಿ ತನಗಿಂತ ಚಿಕ್ಕವಳೊಬ್ಬಳು ಮನಸ್ಸು ಬಿಚ್ಚುವುದನ್ನು ಕೇಳುವಾಗ ಏನೋ ಕದ್ದು ತಿಂದಂಥ ಸುಖವಾಗುತ್ತಿತ್ತು. ಅವಳು ಅಸ್ಸಿಗೆ ಬರುತ್ತಾಳೆ, ಬೆಳಗಿನ ಆರತಿಯಾದ ಮೇಲೆ ಅಲ್ಲೇ ವೇದಿಕೆಯ ಮೇಲೆ ಹಾಡುತ್ತಾಳೆ ಎಂದು ಶ್ರೀರಮಾ ಕುಣಿದಾಗ, "ನಿನ್ನ ಸಮಾಧಾನಕ್ಕೆ ಬರ್ತೀವಿ" ಎಂದು ದೊಡ್ಡ ಉಪಕಾರ ಮಾಡುವವನಂತೆ ಒಪ್ಪಿಕೊಂಡಿದ್ದ. ಕಾತ್ಯಾಯನಿ ಪೆಟ್ಟಿಗೆಯಿಂದ ಅಂಚಿನ ಶಾಲು ತೆಗೆದು ಹೊದ್ದುಕೊಂಡಿದ್ದಳು. ಮೂವರೂ ಕತ್ತಲಿರುವಾಗಲೇ ಬಂದು ಒಳ್ಳೆಯ ಮೆಟ್ಟಿಲು ಹಿಡಿದಿದ್ದರು.

ಕೊನೆಯ ಹಾಡಿಗೆ ಮುಂಚೆ ವರ್ಷಿಣಿ ನೀರು ಕುಡಿದು, ಹಿಂದಿಯಲ್ಲಿ ಏನೋ ತಮಾಷೆ ಮಾಡಿ, ಆಮೇಲೆ ದನಿ ತಗ್ಗಿಸಿ, "ಇಲ್ಲಿ ಕನ್ನಡ ಬರೋರು ನಾಲ್ಕು ಜನ ಇರಬಹುದು, ಅವರಿಗೆ ಹೇಳ್ತೀನಿ" ಅಂದಳು. "ಎರಡು ವರ್ಷದ ಹಿಂದೆ ಅಮ್ಮನ ಅಸ್ಥಿ ತಗೊಂಡು ಇಲ್ಲಿಗೆ ಬಂದಿದ್ದೆ. ಕೊನೇ ಹಿಡಿ ನನ್ನ ಕೈಯಲ್ಲಿತ್ತು. ಬಿಡಕ್ಕೇ ಆಗ್ಲಿಲ್ಲ. ಬೆರಳು ಬಿಚ್ಚಕ್ಕೆ ಬರ್ತಿರಲಿಲ್ಲ. ಆಗ ಒಬ್ಬರು ನನ್ನ ಕಡೆ ನೋಡದೇನೇ ಒಂದು ಮಾತು ಹೇಳಿದ್ರು." ವಿದ್ಯಾಧೀಶನ ಎದೆ ಒಮ್ಮೆ ಹಿಗ್ಗಿತು. ತುಟಿ ಆಗಲೇ ನಗುವಿಗೆ ಸಿದ್ಧವಾಗಿತ್ತು. ಪುರೋಹಿತರು ಅನ್ನುತ್ತಾಳೆ, ಆಚಾರ್ಯರು ಅನ್ನುತ್ತಾಳೆ, ಶ್ರೀರಮಾ ಹಿಂದಕ್ಕೆ ತಿರುಗಿ ನೋಡುತ್ತಾಳೆ. "ದೋಣಿ ನಡೆಸ್ತಿದ್ದ ಅಜ್ಜ," ಎಂದಳು ವರ್ಷಿಣಿ. "ಅವರ ಹೆಸರೂ ನಾನು ಕೇಳಲಿಲ್ಲ. ಈ ಹಾಡು ಅವರದ್ದು."

ಕೈ ಬಿಡು, ಕೈ ಬಿಡು, ಅವಳು ಬಿಟ್ಟಾಗಿದೆ. ನೀರಿಗೇನು ಗೊತ್ತು ಯಾರ ಭಾರ ಎಷ್ಟೆಂದು. ಕೈ ಬಿಡು.

ಅದು ಅವನ ಮಾತು. 'ಕೈ ಬಿಡಿ ತಾಯಿ, ಅವರು ಬಿಟ್ಟಾಗಿದೆ.' ಯಾವತ್ತಿನಿಂದ ಹೇಳುತ್ತ ಬಂದಿದ್ದನೋ ನೆನಪಿಲ್ಲ. ಅಪ್ಪ ರಾಘವೇಂದ್ರಾಚಾರ್ಯರೂ ಹೀಗೇ ಏನೋ ಅನ್ನುತ್ತಿದ್ದರು, ಪಂಚಪಾತ್ರೆಯ ಜೊತೆಗೆ ಅದೂ ಇವನ ಕೈಗೆ ಬಂದಿರಬೇಕು. ಕ್ಷೌರಿಕ ತಲೆ ಬಗ್ಗಿಸಿ ಅನ್ನುವಂತೆ, ಕಂಡಕ್ಟರು ಒಳಗೆ ಹೋಗಿ ಅನ್ನುವಂತೆ, ಅದೊಂದು ಕೆಲಸದ ಮಾತು. ನಡುಹೊಳೆಯಲ್ಲಿ ಜನ ಮುಷ್ಟಿ ಬಿಗಿಹಿಡಿದು ಕೂತುಬಿಡುತ್ತಾರೆ. ದಡದಲ್ಲಿ ಇನ್ನೊಂದು ಕುಟುಂಬ ಕಾಯುತ್ತಿರುತ್ತದೆ. ಅಂಥ ಹೊತ್ತಿಗೆ ಈ ಮಾತು ಹೇಳಿದರೆ ಮುಷ್ಟಿ ಸಡಿಲುತ್ತದೆ. ಯಾವತ್ತೂ ಕೈಕೊಟ್ಟಿರಲಿಲ್ಲ. ಕೈಕೊಡದ್ದರಿಂದಲೇ ಅದರ ಒಳಗೇನಿದೆ ಎಂದು ಅವನು ಇಣುಕಿ ನೋಡಿರಲಿಲ್ಲ. ಈಗ ಅಪರಿಚಿತರ ನಡುವೆ ಕೂತು ಅದನ್ನೇ ಹಾಡಾಗಿ ಕೇಳುತ್ತಿದ್ದರೆ, ಕಾವಿ ಬಟ್ಟೆಯ ಸಾಧುವೊಬ್ಬ ಕಣ್ಣು ಒರೆಸಿಕೊಳ್ಳುವುದು ಕಂಡರೆ, ಸಂತೆಯಲ್ಲಿ ಮಾರಿದ ಹಿತ್ತಾಳೆಯನ್ನು ಯಾರೋ ಚಿನ್ನವೆಂದು ಕೊರಳಿಗೆ ಹಾಕಿಕೊಂಡಂತೆ ನಾಚಿಕೆಯಾಯಿತು. ಅದರ ಬೆನ್ನಿಗೇ, ಆ ಹಿತ್ತಾಳೆಯನ್ನಾದರೂ ಕೊಟ್ಟವನು ನಾನು, ದೋಣಿಯವನಲ್ಲ ಎಂಬ ಸಿಟ್ಟು. ಆ ಸಿಟ್ಟಿಗೆ ಮತ್ತೆ ನಾಚಿಕೆ. ಎರಡನೆಯ ಸಲ ಆ ಸಾಲು ಹೇಳಿ ವರ್ಷಿಣಿ ತಟ್ಟನೆ ನಿಂತುಬಿಟ್ಟಳು. ಗಿಟಾರೂ ನಿಂತಿತು. ಹೊಳೆಯ ಸದ್ದು, ದೂರದ ಒಂದು ಮೋಟರು ದೋಣಿಯ ಟರ್ ಟರ್, ಇಷ್ಟೇ. ಅವಳು ಜನರತ್ತ ನೋಡುತ್ತಿದ್ದಳು. ತನ್ನನ್ನೇ ನೋಡುತ್ತಿದ್ದಾಳೆ, ಗುರುತು ಹಿಡಿದಳು ಎಂದು ವಿದ್ಯಾಧೀಶನಿಗೆ ಖಂಡಿತವಾಗಿ ಅನ್ನಿಸಿತು. ಆಮೇಲೆ ಅವಳು ಕಣ್ಣು ಕೆಳಗೆ ಮಾಡಿ ಮುಂದಿನ ನುಡಿ ಎತ್ತಿಕೊಂಡಳು.

ಜನ ಕರಗುವ ಮೊದಲೇ ಶ್ರೀರಮಾ ಇಬ್ಬರನ್ನೂ ಎಳೆದುಕೊಂಡು ವೇದಿಕೆಯ ಪಕ್ಕಕ್ಕೆ ನುಗ್ಗಿದಳು. ಅಲ್ಲಿ ಅವಳ ಕಾಲೇಜಿನ ಗೆಳೆಯರು ನಾಲ್ಕೈದು ಜನ ಆಗಲೇ ವರ್ಷಿಣಿಯನ್ನು ಸುತ್ತಿಕೊಂಡಿದ್ದರು. ಹತ್ತಿರದಿಂದ ನೋಡಿದರೆ ಎಷ್ಟು ಸಣ್ಣ ಹುಡುಗಿ. ಮೂಗಿನ ತುದಿ ಚಳಿಗೆ ಕೆಂಪಾಗಿತ್ತು. ವಿದ್ಯಾಧೀಶ ಗಂಟಲು ಸರಿಮಾಡಿಕೊಂಡ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ಜೋಡಿಸಿದ. 'ಅಮ್ಮಾ, ಅವತ್ತು ದೋಣಿಯಲ್ಲಿ ನಾನೂ ಇದ್ದೆ.' ಅಷ್ಟು ಸಾಕು, ಉಳಿದದ್ದು ಅವಳಿಗೇ ಹೊಳೆಯುತ್ತದೆ. ಅಷ್ಟರಲ್ಲಿ ಗಡ್ಡದ ಹುಡುಗನೊಬ್ಬ ಅವನ ಕೈಗೆ ಫೋನು ತುರುಕಿ, "ಅಂಕಲ್‌ಜೀ, ಏಕ್ ಫೋಟೋ, ಪ್ಲೀಸ್" ಅಂದ. ಎಲ್ಲರೂ ಸಾಲಾಗಿ ನಿಂತರು. ಕಾತ್ಯಾಯನಿಯನ್ನೂ ಶ್ರೀರಮಾ ಎಳೆದು ನಿಲ್ಲಿಸಿಕೊಂಡಳು. ವಿದ್ಯಾಧೀಶ ಫೋನು ಎತ್ತಿ ಹಿಡಿದ. ಚೌಕದೊಳಗಿಂದ ವರ್ಷಿಣಿ ನೇರವಾಗಿ ಅವನನ್ನೇ ನೋಡಿದಳು. ಅಷ್ಟು ಹತ್ತಿರ, ಅಷ್ಟು ನೇರ, ನಗುನಗುತ್ತ. ಆ ಕಣ್ಣಿನಲ್ಲಿ ಅವನಿರಲಿಲ್ಲ. "ಥ್ಯಾಂಕ್ಯೂ ಅಂಕಲ್‌ಜೀ," ಎಂದು ಹಿಂದಿಯವರ ರಾಗದಲ್ಲಿ ಹೇಳಿ ಅವಳು ಯಾರೋ ಹೊದಿಸಿದ ಕಂಬಳಿಯೊಳಗೆ ಸರಿದುಹೋದಳು. ಫೋಟೋ ಅಲುಗಾಡಿತ್ತು. ಗಡ್ಡದ ಹುಡುಗ ನೋಡಿ, ಪಾಪ, "ಬಢಿಯಾ ಹೈ," ಚೆನ್ನಾಗಿ ಬಂದಿದೆ, ಅಂದ.

ಚಹದ ಅಂಗಡಿಯ ಮುಂದೆ ಬೆಂಚು ಸಿಕ್ಕಿತು. ಮಣ್ಣಿನ ಲೋಟ, ಕುಲ್ಹಡ್, ಕೈ ಸುಡುತ್ತಿತ್ತು, ಆ ಸುಡುವಿಕೆ ಹಿತವಾಗಿತ್ತು. ಜಂಗಮವಾಡಿ ಮಠದ ಕಡೆಯ ರೇಖಾ ಎದುರಾದಳು. ಮಠದ ಸಿಬ್ಬಂದಿಯೊಬ್ಬರ ಮಗಳು, ಶಾಲೆಯಲ್ಲಿ ಟೀಚರು, ವರ್ಷಿಣಿಯ ಹಾಡು ಒಂದೂ ಬಿಡದೆ ಕೇಳಿದವಳು. ಅವಳ ಮುಖ ಬಾಡಿತ್ತು. "ಸುಮ್ನೆ ಬಂದೆ ಕಣ್ರೀ ಕಾತ್ಯಾಯನಕ್ಕ. ಫೋನಲ್ಲಿರೋ ವರ್ಷಿಣಿನೇ ಚೆನ್ನಾಗಿದ್ಲು. ಇಲ್ಲಿ ರೈಲು ಹಿಡಿಯೋರ ಥರ ಹಾಡಿದ್ಲು. ಕೊನೇದ್ರಲ್ಲಂತೂ ಸಾಲೇ ಮರ್ತ್ಬಿಟ್ಲು, ನೋಡಿದ್ರಾ? ಸ್ವಂತ ಹಾಡನ್ನ ಯಾರಾದ್ರೂ ಮರೀತಾರಾ?" ಎಂದಳು. ಶ್ರೀರಮಾಳಿಗೆ ರೋಷ ಬಂತು. "ಮರ್ತಿದ್ದಲ್ಲ ಆಂಟಿ! ವೋಹೀ ತೋ ಗಾನಾ ಥಾ, ಅದೇ ಹಾಡು. ಆ ಚುಪ್ ಇತ್ತಲ್ಲ, ನಂಗೆ ಉಸಿರೇ ನಿಂತ್ಹೋಯ್ತು." ಗಡ್ಡದ ಹುಡುಗ ಇಬ್ಬರಿಗೂ ಸಮಾಧಾನ ಹೇಳುವವನಂತೆ, ಅದು ಬರೀ ಮೈಕಿನ ತಂತಿಯ ದೋಷ, ತಾನು ಕಣ್ಣಾರೆ ಕಂಡೆ ಅಂದ. ಆದರೂ ಆ ಹಾಡು ತನ್ನ ಜೀವನದಲ್ಲೇ ಕೇಳಿದ ಅತ್ಯಂತ ಒಳ್ಳೆಯ ಹಾಡಂತೆ. ಅದರ ಅರ್ಥ ಗೊತ್ತಾಯಿತೇನು ಎಂದು ಶ್ರೀರಮಾ ಕೇಳಿದಳು. ಗೊತ್ತಾಗದೆ ಏನು, ಅಂದ ಅವನು ಹಿಂದಿಯಲ್ಲಿ. "ಕಈ ಬಿಂದು, ಕಈ ಬಿಂದು." ಎಷ್ಟೊಂದು ಹನಿಗಳು! ಹನಿ ಹನಿ ಸೇರಿ ಗಂಗೆಯಾಗುತ್ತದೆ, ನಾವೂ ಹನಿಗಳೇ. ಅವನ ಕಣ್ಣು ನಿಜಕ್ಕೂ ತುಂಬಿಬಂದಿತ್ತು. 'ಕೈ ಬಿಡು' ಎಂಬುದನ್ನು ಅವನು ಹಾಗೆ ಕೇಳಿಸಿಕೊಂಡಿದ್ದ. ಶ್ರೀರಮಾ ನಗಲು ಹೋದವಳು ನಗದೆ ತಡೆದುಕೊಂಡಳು. ಅರ್ಥ ಬಿಡಿಸಿ ಹೇಳಬಾರದೆಂದು ಅವಳಿಗೆ ತೋಚಿದ್ದು ಕಂಡು ವಿದ್ಯಾಧೀಶನಿಗೆ ಮಗಳ ಮೇಲೆ ಪ್ರೀತಿ ಉಕ್ಕಿತು. ಸಿಳ್ಳೆಯನ್ನು ಕ್ಷಮಿಸಿದ.

"ಆಂಟೀಜೀ, ಆಪ್‌ಕೋ ಕೈಸಾ ಲಗಾ?" ಹಾಡು ಹೇಗನ್ನಿಸಿತೆಂದು ಹುಡುಗ ಕಾತ್ಯಾಯನಿಯನ್ನು ಕೇಳಿದ. ಅವಳು ಕುಲ್ಹಡಿನ ತಳದ ಚಹವನ್ನು ತಿರುಗಿಸುತ್ತ, "ಪಾಪ, ಆ ಹುಡಿಗಿ ಮುಂಜಾನಿಂದ ಏನೂ ತಿಂದಿಲ್ಲ," ಅಂದಳು. ಎಲ್ಲರೂ ನಕ್ಕರು. ವಿದ್ಯಾಧೀಶನೂ ನಕ್ಕ. ನಗುತ್ತಲೇ ಮೊದಲ ಸಲ ಹೆಂಡತಿಯ ಮುಖ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಆ ಮಾತು ಯಾರದೆಂದು ಅವಳಿಗೆ ಗೊತ್ತಾಗಿದೆ ಎಂದು ಆಗ ಅವನಿಗೆ ತಿಳಿಯಿತು.

ಶ್ರೀರಮಾ ಗೆಳೆಯರ ಜೊತೆ ಕಾಲೇಜಿಗೆ ಹೋದಳು. ಗಂಡ ಹೆಂಡತಿ ಘಾಟುಗಳ ಮೇಲೇ ನಡೆದು ಮನೆಗೆ ಹೊರಟರು. ಬಿಸಿಲು ಬಂದಿತ್ತು. ಒಗೆದ ಸೀರೆಗಳು ಮೆಟ್ಟಿಲುಗಳ ಮೇಲೆ ಉದ್ದಕ್ಕೂ ಹಾಸಿದ್ದವು. ಕಾತ್ಯಾಯನಿ ಅವುಗಳ ಅಂಚು ತುಳಿಯದಂತೆ ಶಾಲು ಎತ್ತಿ ಹಿಡಿದು ನಡೆಯುತ್ತಿದ್ದಳು. ಅವಳ ಹಿಂದೆ ನಡೆಯುತ್ತ ಅವನಿಗೆ ಇನ್ನೊಂದು ದಿನದ ದೋಣಿ ನೆನಪಾಯಿತು. ಅವಳ ತಾಯಿ ತುಳಸಮ್ಮ ರಾಯಚೂರಲ್ಲಿ ತೀರಿಕೊಂಡಾಗ ಕೊರೊನಾದಿಂದ ಊರುಗಳ ಬಾಗಿಲೆಲ್ಲ ಮುಚ್ಚಿದ ಕಾಲ. ಕಾತ್ಯಾಯನಿಗೆ ಹೋಗಲಾಗಲಿಲ್ಲ. ಫೋನಿನ ಗಾಜಿನಲ್ಲಿ ಒಂದು ಬಿಳಿ ಮೂಟೆ ಕಂಡಿತು, ಅಷ್ಟೆ. ಅವಳಣ್ಣ ಗೋಪಿನಾಥ ಎಷ್ಟೋ ತಿಂಗಳಾದ ಮೇಲೆ ಅಸ್ಥಿ ಹಿಡಿದುಕೊಂಡು ಬಂದ. ಮಾಡಿಸಿದವನು ವಿದ್ಯಾಧೀಶನೇ, ಅಳಿಯ, ಮತ್ತಾರು ಮಾಡಿಸಬೇಕು. ಆ ದಿನಗಳಲ್ಲಿ ತಡೆಹಿಡಿದ ಸಾವುಗಳೆಲ್ಲ ಒಟ್ಟಿಗೆ ಬಂದು ಕಾಶಿಯ ಬಾಗಿಲಲ್ಲಿ ಸಾಲು ನಿಂತಿದ್ದವು. ದೋಣಿಯಿಂದ ದೋಣಿಗೆ ಹಾರುವಂತೆ ಕೆಲಸ. ಮಣಿಕರ್ಣಿಕಾದ ಎದುರು ನಡುಹೊಳೆಯಲ್ಲಿ ಗೋಪಿನಾಥ ತನ್ನ ಪಾಲಿನದನ್ನು ಬಿಟ್ಟ. ಕೊನೆಯ ಹಿಡಿ ತನಗಿರಲಿ ಎಂದು ಕಾತ್ಯಾಯನಿ ಕೇಳಿಕೊಂಡಿದ್ದಳು. ಅವಳ ಮುಷ್ಟಿ ನೀರ ಮೇಲೆ ಚಾಚಿಕೊಂಡೇ ಇತ್ತು. ದಡದಲ್ಲಿ ಮುಂದಿನ ಸರದಿಯ ಬಳ್ಳಾರಿಯ ಕಡೆಯವರು ಕೈ ಬೀಸುತ್ತಿದ್ದರು. ವಿದ್ಯಾಧೀಶ ದಡದ ಕಡೆ ನೋಡುತ್ತಲೇ, ಎಲ್ಲರಿಗೂ ಹೇಳುವ ದನಿಯಲ್ಲಿ, "ಕೈ ಬಿಡಿ ತಾಯಿ, ಅವರು ಬಿಟ್ಟಾಗಿದೆ" ಅಂದುಬಿಟ್ಟಿದ್ದ. ಅಂದ ಮೇಲೆ ಕೇಳಿಸಿತು. ತಾಯಿ. ಬಿಡಿ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಬದುಕಿದ ಹೆಂಡತಿಗೆ, ಬಸ್ಸಿಳಿದು ಬಂದ ಯಾರೋ ಯಾತ್ರಿಕಳಿಗೆ ಅಂದಂತೆ. ಗೋಪಿನಾಥ ಮುಖ ತಿರುಗಿಸಿಕೊಂಡ. ಕಾತ್ಯಾಯನಿ ಒಮ್ಮೆ ಅವನ ಕಡೆ ನೋಡಿದಳು, ಆಮೇಲೆ ಬೆರಳು ಬಿಚ್ಚಿದಳು. ಮನೆಗೆ ಬಂದು ಸ್ನಾನ ಮಾಡಿ ಅಡಿಗೆ ಮಾಡಿ ಬಡಿಸಿದಳು. ಆ ವಿಷಯ ಅವರಿಬ್ಬರ ನಡುವೆ ಇವತ್ತಿನವರೆಗೂ ಬಂದಿರಲಿಲ್ಲ. ಕ್ಷಮಿಸು ಎನ್ನಬೇಕೆಂದು ಅವನು ಎಷ್ಟೋ ಸಲ ಬಾಯಿ ತೆರೆದು, ಉಪ್ಪು ಕೇಳಿದ್ದಾನೆ, ಮಜ್ಜಿಗೆ ಕೇಳಿದ್ದಾನೆ.

ಶಿವಾಲಾ ಘಾಟು ದಾಟಿದ ಮೇಲೆ ಒಂದು ಅರಳಿಮರದ ಕಟ್ಟೆಯಿತ್ತು. ಕಾತ್ಯಾಯನಿ ಕಾಲು ನೋವೆಂದು ಕೂತಳು. ಅವನು ನಿಂತೇ ಇದ್ದ.

"ಆ ಮಾತು ನಿಮ್ದಲ್ಲೇನ್ರೀ?" ಎಂದಳು.

"ಹೌದು."

"ನಮ್ಮ ದೋಣಿ ಲಲ್ಲನಂದು ಅಂತ ಹಾಡಿದ್ಲಲ್ಲ ಮತ್ತ."

"ಯಾರದ್ದಾದ್ರೇನು," ಎಂದ. ಆಮೇಲೆ ತಡೆಯಲಾರದೆ, "ಕಾತ್ಯಾಯನಿ, ನಿಮ್ಮಮ್ಮಂದು ಮಾಡಿಸಿದ ದಿನ ದೋಣಿಯಲ್ಲಿ ನಾನು ನಿನಗೆ..." ಅಂದ.

"ತಾಯಿ ಅಂದ್ರಿ," ಎಂದು ಅವಳೇ ವಾಕ್ಯ ಮುಗಿಸಿದಳು. "ಬಿಡ್ರಿ ಅಂದ್ರಿ. ಬಳ್ಳಾರಿಯವ್ರನ್ನ ನೋಡಕೋತ ಅಂದ್ರಿ."

ಅವನು ತಲೆ ತಗ್ಗಿಸಿದ. ಕೆಳಗೆ ಯಾರೋ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದರು. ಒಂದೊಂದು ಬಡಿತವೂ ಕಣ್ಣಿಗೆ ಕಂಡು, ಸ್ವಲ್ಪ ತಡೆದು ಕಿವಿಗೆ ಬರುತ್ತಿತ್ತು.

"ಒಂದು ವರ್ಷ ಸಿಟ್ಟಿತ್ತು ನನಗ. ಖರೇ ಹೇಳತೀನಿ. ನಿಮ್ಮ ತಾಟಿಗೆ ಅನ್ನ ಹಾಕೂವಾಗೆಲ್ಲ, ಈ ಮನಷಾಗ ನಾನು ಯಾರು ಅಂತ ಬರತಿತ್ತು. ಆಮ್ಯಾಲೆ ಒಂದಿನ ಹೀಂಗ ವಿಚಾರ ಮಾಡಿದೆ. ಅವ್ವ ಹೋದ ದಿನದಿಂದ ಮನ್ಯಾಗ ನನ್ನನ್ನ ಯಾರೂ ಅವ್ವನ್ನ ಕಳಕೊಂಡಾಕಿ ಅಂತ ನೋಡಿದ್ದಿಲ್ಲ. ಶ್ರೀರಮಾಗ ನಾನು ಅಮ್ಮ, ನಿಮಗ ಹೆಂಡ್ತಿ, ಅಣ್ಣಗ ಅಂವಗ ಧೈರ್ಯ ಹೇಳಾಕಿ. ಕುಕ್ಕರು ಸೀಟಿ ಹೊಡೀತಿತ್ತು, ನಾನು ಇಳಸತಿದ್ದೆ. ಆ ದೋಣ್ಯಾಗ ನೀವು ತಾಯಿ ಅಂದಾಗ, ಯಾರೋ ದೂರದಿಂದ ಅವ್ವನ ಬೂದಿ ಹಿಡಕೊಂಡು ಬಂದಾಕಿ ಆದೆ ನೋಡ್ರಿ. ಬರೇ ಅಷ್ಟ. ಬ್ಯಾರೆ ಯಾರೂ ಅಲ್ಲ. ಅದಕ್ಕ ಬೆರಳು ಬಿಚ್ಚಿತು." ಅವಳು ಶಾಲಿನ ಅಂಚಿನ ಎಳೆಯೊಂದನ್ನು ಎಳೆದು ಮತ್ತೆ ಸೇರಿಸಲು ನೋಡಿದಳು. "ಸಿಟ್ಟೂ ಖರೆ. ಇದೂ ಖರೆ. ಎರಡೂ ಇರಲಿ."

ಅವನು ಅವಳ ಪಕ್ಕದಲ್ಲಿ ಕೂತ. ಇಷ್ಟು ಕಾಲ ತಾನು ಹೊತ್ತು ತಿರುಗಿದ ಆ ಗಳಿಗೆ ಅವಳ ಬಳಿಯೂ ಇತ್ತು, ಬೇರೆ ಬಣ್ಣದಲ್ಲಿತ್ತು ಎಂಬುದನ್ನು ಹೇಗೆ ಹಿಡಿದುಕೊಳ್ಳಬೇಕೋ ತಿಳಿಯಲಿಲ್ಲ. ಅಳು ಬಂದಿದ್ದರೆ ಸುಲಭವಾಗುತ್ತಿತ್ತು. ಬರಲಿಲ್ಲ. ಅವಳ ಪಾದದ ಮೇಲೆ ಒಣಗಿದ ಗಂಗೆಯ ಮಣ್ಣು ಬಿಳಿಯ ಗೆರೆಯಾಗಿತ್ತು. ಅದನ್ನು ಬೆರಳಿನಿಂದ ಒರೆಸಿದ. "ಯಾರರೆ ನೋಡತಾರ್ರೀ," ಎಂದು ಅವಳು ಕಾಲು ಎಳೆದುಕೊಂಡಳು, ಪೂರ್ತಿ ಎಳೆದುಕೊಳ್ಳಲಿಲ್ಲ. "ಆ ಹುಡಿಗಿ ನಡುವ ನಿಂತಳಲ್ಲ," ಎಂದಳು, "ಮರ್ತಿದ್ದೂ ಅಲ್ಲ, ಮೈಕೂ ಅಲ್ಲ. ಆಕಿ ಇನ್ನೂ ಬಿಟ್ಟಿಲ್ರೀ. ಬಿಡು ಬಿಡು ಅಂತ ಹಾಡತಾಳ ಖರೆ, ಮುಷ್ಟಿ ಹಂಗ ಅದ."

ಮನೆಯ ಹತ್ತಿರದ ಘಾಟಿನಲ್ಲಿ ಲಲ್ಲನ್ ದೋಣಿಯ ನೀರು ತೋಡಿ ಹಾಕುತ್ತಿದ್ದ. ಬಿಳಿ ಗಡ್ಡ, ತಲೆಗೆ ಸುತ್ತಿದ ಗಮಛಾ. ಯಾತ್ರಿಕರ ಜೊತೆಯಲ್ಲೇ ಮುದುಕನಾದ ಅವನಿಗೆ ಬನ್ನಿ, ಕೂತ್ಕೊಳ್ಳಿ, ಹುಷಾರು ಎನ್ನುವಷ್ಟು ಕನ್ನಡ ಬರುತ್ತಿತ್ತು. ಸಿಂಧನೂರಿನ ಮುದುಕರೊಬ್ಬರು ಹೆಂಡತಿಯ ಅಸ್ಥಿ ತಂದಿದ್ದಾರೆ, ವಸತಿಯಿಂದ ಇಳಿದು ಬರುತ್ತಿದ್ದಾರೆ ಎಂದು ಹೇಳಿದ. ಕಾತ್ಯಾಯನಿ ಗಂಡನ ಮಡಿ ಪಂಚೆ ತರಲು ಮನೆಗೆ ಹೋದಳು. ವಿದ್ಯಾಧೀಶ ದೋಣಿಯ ಅಂಚಿಗೆ ಕೈಯೂರಿ, ತಮಾಷೆಯ ದನಿಯಲ್ಲೇ ಹೇಳಲು ನೋಡಿದ. ಅಸ್ಸಿಯಲ್ಲಿ ಇವತ್ತು ಒಬ್ಬ ಹುಡುಗಿ ನಿನ್ನ ಹೆಸರಿನ ಮೇಲೆ ಹಾಡು ಹಾಡಿದಳು, ಕೈ ಬಿಡು ಅಂತ ನೀನು ಹೇಳಿದೆಯಂತೆ, ಎಂದು ಹಿಂದಿಯಲ್ಲಿ ಅಂದ. ಲಲ್ಲನ್ ನಗಲಿಲ್ಲ. ತೋಡುವ ಡಬ್ಬ ಕೈಯಲ್ಲೇ ಹಿಡಿದು ನೆನಪು ಮಾಡಿಕೊಂಡ. ಗಿಡ್ಡ ಕೂದಲಿನ ಹುಡುಗಿಯಾ? ಹೌದು, ಹೇಳಿರಬಹುದು, ಅಂದ. "ಆಪ್ ತೋ ಫೋನ್ ಪರ್ ಥೇ, ಪಂಡಿತ್‌ಜೀ." ನೀವು ಫೋನಿನಲ್ಲಿ ಮಾತಾಡುತ್ತಿದ್ದಿರಿ, ನಿಮ್ಮ ಬೆನ್ನು ಅವಳ ಕಡೆ ಇತ್ತು. ಹುಡುಗಿ ಮುಷ್ಟಿ ಬಿಗಿಹಿಡಿದು ಕೂತಿದ್ದಳು, ನೋಡಲಾಗಲಿಲ್ಲ. ನಿಮ್ಮ ಬಾಯಲ್ಲಿ ದಿನಾ ಕೇಳುತ್ತೇನಲ್ಲ, ಅದನ್ನೇ ಅಂದೆ. ಆಮೇಲೆ ಅಂಜುತ್ತ ಕೇಳಿದ: "ಗಲತೀ ಹೋ ಗಈ ಕ್ಯಾ?"

ವಿದ್ಯಾಧೀಶ ಇಲ್ಲವೆಂದು ತಲೆಯಾಡಿಸಿದ. ತಪ್ಪೇನೂ ಆಗಿಲ್ಲ. ಅವಳು ಸರಿಯಾಗಿಯೇ ನೆನಪಿಟ್ಟುಕೊಂಡಿದ್ದಳು. ವೇದಿಕೆಯ ಮೇಲಿಂದ ಅವಳ ಕಣ್ಣು ತನ್ನ ಮೇಲೆ ನಿಂತಿತೆಂದುಕೊಂಡದ್ದು, ಚೌಕದೊಳಗಿನ ನಗುವಿನಲ್ಲಿ ತನ್ನನ್ನು ಹುಡುಕಿದ್ದು, ಹೇಳದೆ ನುಂಗಿದ ಆ ವಾಕ್ಯ, 'ಅವತ್ತು ದೋಣಿಯಲ್ಲಿ ನಾನೂ ಇದ್ದೆ.' ಎಲ್ಲಿದ್ದೆ? ಬೆನ್ನಾಗಿ ಇದ್ದೆ. ಒಂದು ಬೆನ್ನು, ಒಂದು ಫೋನು. ಎದೆಯಲ್ಲಿ ಏನೋ ಕುಸಿಯಿತು. ಕುಸಿದ ಜಾಗ ವಿಚಿತ್ರವಾಗಿ ಹಗುರಾಗಿತ್ತು. ತನ್ನದೆಂದು ಜಗಳಾಡಲು ಹೋದ ಸಾಮಾನು ತನ್ನ ಮನೆಯದೇ ಅಲ್ಲವೆಂದು ಗೊತ್ತಾದವನ ಹಾಗೆ ಅವನು ಅಲ್ಲೇ ನಿಂತು ಲಲ್ಲನ್ ಹೊರಗೆ ಚೆಲ್ಲುತ್ತಿದ್ದ ನೀರನ್ನು ನೋಡಿದ.

ಸಿಂಧನೂರಿನ ಮುದುಕ ಒಬ್ಬನೇ ಬಂದಿದ್ದ. ಹೆಸರು ಅನಂತಭಟ್ಟ, ಹೆಂಡತಿ ಅಂಬಕ್ಕ, ಗೋತ್ರ ಕಾಶ್ಯಪ. ಹೊಸ ಧೋತರ, ಹಳೆಯ ಕೋಟು, ಎದೆಗವಚಿಕೊಂಡ ಬಟ್ಟೆಯ ಗಂಟು. ದೋಣಿ ನಿಧಾನವಾಗಿ ಕೆಳಹೊಳೆಗೆ ಹೋಯಿತು. ವಿದ್ಯಾಧೀಶ ಸಂಕಲ್ಪ ಹೇಳಿಸಿದ, ಮಂತ್ರ ಹೇಳಿದ, ಫೋನನ್ನು ಚೀಲದ ತಳಕ್ಕೆ ಹಾಕಿದ. ಮಣಿಕರ್ಣಿಕಾದ ಚಿತೆಗಳ ಹೊಗೆ ಎಡಕ್ಕೆ ವಾಲುತ್ತಿತ್ತು. ಮುದುಕ ಹೇಳಿದಂತೆಲ್ಲ ಮಾಡಿದ, ಶಾಲೆಯ ಹುಡುಗನಂತೆ ಶ್ರದ್ಧೆಯಿಂದ. ಕೊನೆಯ ಹಿಡಿ ಬಂದಾಗ ಅವನ ಮುಷ್ಟಿ ದೋಣಿಯ ಅಂಚಿನ ಮೇಲೆ ನಿಂತುಹೋಯಿತು.

ಲಲ್ಲನ್ ಹುಟ್ಟು ತಡೆದು ವಿದ್ಯಾಧೀಶನ ಮುಖ ನೋಡಿದ. ಮಾತು ನಾಲಿಗೆಯ ತುದಿಗೆ ತಾನಾಗಿ ಬಂದಿತ್ತು, ಬಂದು ಅಲ್ಲೇ ಕೂತಿತು. ವಿದ್ಯಾಧೀಶ ತನ್ನ ಹಲಗೆಯಿಂದ ಎದ್ದು, ದೋಣಿ ಅಲುಗಾಡದಂತೆ ಜೋಪಾನವಾಗಿ ಬಂದು, ಮುದುಕನ ಪಕ್ಕದಲ್ಲಿ ದೋಣಿಯ ತಳದ ಒದ್ದೆಯಲ್ಲೇ ಕೂತ. ಹೊಳೆ ಅವರನ್ನು ಹೊತ್ತುಕೊಂಡು ಹೋಗುತ್ತಿತ್ತು. ಬೇರೆ ದೋಣಿಗಳು ದಾಟಿಹೋದವು, ಒಂದರಲ್ಲಿ ಯಾರೋ ಜೈಕಾರ ಹಾಕಿದರು.

"ಆಚಾರ್ಯರೇ," ಎಂದ ಮುದುಕ, ಯಾರಿಗೂ ಕೇಳಿಸಬಾರದೆಂಬಂತೆ. "ನೀರು ಭಾಳ ಥಂಡಿ ಅದಾವೇನ್ರಿ? ಆಕಿಗಿ ಥಂಡಿ ನೀರು ಆಗಿಬರತಿದ್ದಿಲ್ರಿ. ಬ್ಯಾಸಿಗ್ಯಾಗ ಸುದ್ದಾ ಕಾಸಿಕೊಂಡ ಮೈ ತೊಳಕೋತಿದ್ಲು."

ವಿದ್ಯಾಧೀಶ ಬಗ್ಗಿ ನೀರಿನಲ್ಲಿ ಕೈ ಅದ್ದಿದ. ಕೊರೆಯುವ ಚಳಿ ಮಣಿಕಟ್ಟನ್ನು ಕಚ್ಚಿತು. ಕೈ ತೆಗೆಯಲಿಲ್ಲ. ಇನ್ನೂ ಕೆಳಕ್ಕೆ ಇಳಿಸಿದ, ಮೊಣಕೈ ಮುಳುಗಿತು, ಹೆಗಲ ಮೇಲಿನ ಪಂಚೆ ನೀರಿಗೆ ಬಿತ್ತು. ಕಣ್ಣು ಮುಚ್ಚಿ, ಬೆರಳುಗಳನ್ನು ಅಗಲಿಸಿ, ಅಲ್ಲಿ ಏನಿದೆ ಎಂದು ತಾಳ್ಮೆಯಿಂದ ನೋಡಿದ. ಸುಳ್ಳು ಹೇಳುವುದಾಗಿದ್ದರೆ ಇಷ್ಟು ಹೊತ್ತು ಬೇಕಿರಲಿಲ್ಲ.

"ಮೇಲೆ ತಣ್ಣಗಿದೆ," ಎಂದ ಕೊನೆಗೆ. "ಒಳಗೆ ಅಷ್ಟಿಲ್ಲ. ಸ್ವಲ್ಪ ಬೆಚ್ಚಗೇ ಇದೆ."

ಮುದುಕ ಅವನ ಮುಖ ನೋಡಿದ, ನೀರನ್ನು ನೋಡಿದ. ಕೋಟಿನ ತೋಳನ್ನು ಒಂದು ಕೈಯಿಂದ ಮೇಲಕ್ಕೆ ಸರಿಸಿಕೊಂಡು, ಮುಷ್ಟಿ ಕಟ್ಟಿದ ಕೈಯನ್ನು ವಿದ್ಯಾಧೀಶನ ಕೈಯ ಪಕ್ಕಕ್ಕೇ ಇಳಿಸಿದ. ಮಣಿಕಟ್ಟು ಮುಳುಗಿತು, ಮೊಣಕೈ ಮುಳುಗಿತು. ಇಬ್ಬರೂ ಹಾಗೇ ಬಾಗಿ ಕೂತಿದ್ದರು.

"ಹೌದ್ರಿ," ಎಂದ ಮುದುಕ. "ಒಳಗ ಬೆಚ್ಚಗ ಅದಾವು."